ಮುಂಜಾನೆಯ ಹಿಮ, ಹಿಂದಿನ ಸಂಜೆಯ ಕೆಲಸ

ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ಡಿಸೆಂಬರ್ ಕೊನೆಯ ಹೊತ್ತಿಗೆ ಸೂರ್ಯ ಹುಟ್ಟುವುದು ಎಂಟು ಗಂಟೆ ದಾಟಿದ ಮೇಲೆ. ಕೆಲಸಕ್ಕೆ ಹೋಗುವವರು ಆರು, ಆರೂವರೆಗೇ ಕತ್ತಲಲ್ಲಿ ಮನೆಯಿಂದ ಹೊರಬೀಳುತ್ತಾರೆ. ನಾಲ್ಕೈದು ಅಂತಸ್ತಿನ ಹಳೆಯ ಕಟ್ಟಡಗಳ ಬೀದಿಗಳಲ್ಲಿ ಕಾರುಗಳು ರಾತ್ರಿಯಿಡೀ ರಸ್ತೆಯ ಬದಿಯಲ್ಲೇ ನಿಂತಿರುತ್ತವೆ. ಅವುಗಳಿಂದ ಕೆಲವೇ ಅಡಿ ಆಚೆಗೆ ನೆಲಮಹಡಿಯವರ ಮಲಗುವ ಕೋಣೆ. ಬೆಂಗಳೂರಿನಿಂದ ಹೋದ ವಾಹನ ಮತ್ತು ಸಾಫ್ಟ್‌ವೇರ್ ಎಂಜಿನಿಯರುಗಳು ಈ ಊರಲ್ಲಿ ಸಾಕಷ್ಟಿದ್ದಾರೆ. ನವೆಂಬರಿನ ಒಂದು ಬೆಳಗ್ಗೆ ಕಾರಿನ ಮುಂಗಾಜು ಬೆಳ್ಳಗೆ ಹೆಪ್ಪುಗಟ್ಟಿರುವುದನ್ನು ಮೊದಲ ಸಲ ಕಂಡಾಗ ಬಹುತೇಕರಿಗೆ ಹೊಳೆಯುವ ಉಪಾಯ ಒಂದೇ: ಎಂಜಿನ್ ಆನ್ ಮಾಡುವುದು, ಹೀಟರನ್ನು ಪೂರ್ತಿ ತಿರುಗಿಸುವುದು, ಹದಿನೈದು ನಿಮಿಷ ಮೇಲೆ ಹೋಗಿ ಕಾಫಿ ಕುಡಿದು ಬರುವುದು. ಹಾಗೆ ಮಾಡಿದರೆ ಅಕ್ಕಪಕ್ಕದವರಿಗೆ ಹೊಗೆ ಮತ್ತು ಸದ್ದಿನ ಕಾಟ ಎಂಬುದು ಒಂದು ಮಾತು. ಅದಕ್ಕಿಂತ ಮುಖ್ಯವಾದದ್ದು, ಆ ಕೆಲಸಕ್ಕೇ ಅದು ಒಳ್ಳೆಯ ದಾರಿಯಲ್ಲ ಎಂಬುದು. ಹಿಮ ತೆಗೆಯುವ ಕೆಲಸದ ಹೆಚ್ಚಿನ ಪಾಲು ಹಿಂದಿನ ಸಂಜೆಯೇ ಮುಗಿಯುವಂಥದ್ದು. ಸಂಜೆ ಅದನ್ನು ಮಾಡಿದವರಿಗೆ ಬೆಳಗ್ಗೆ ಯಾರ ನಿದ್ದೆಯನ್ನೂ ಕೆಡಿಸುವ ಅಗತ್ಯ ಬೀಳುವುದಿಲ್ಲ.

ಗಾಜಿನ ಮೇಲೆ ಹಿಮ ಹೇಗೆ ಕೂರುತ್ತದೆ ಎಂದು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ. ಅದು ಮೇಲಿಂದ ಬಿದ್ದದ್ದಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ಕಾರಿನ ಗಾಜು ತನ್ನ ಶಾಖವನ್ನು ತೆರೆದ ಆಕಾಶದ ಕಡೆಗೆ ವಿಕಿರಣವಾಗಿ ಚೆಲ್ಲುತ್ತಾ ಹೋಗುತ್ತದೆ. ಹೀಗೆ ಚೆಲ್ಲಿದ ಗಾಜು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಜಿನ ಮೈ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಾಗ ಗಾಳಿಯ ತೇವ ಅದರ ಮೇಲೆ ಹರಳಾಗಿ ಕಟ್ಟುತ್ತದೆ. ಹವಾಮಾನ ಮುನ್ಸೂಚನೆಯಲ್ಲಿ ರಾತ್ರಿಯ ಕನಿಷ್ಠ 2 ಅಥವಾ 3 ಡಿಗ್ರಿ ಎಂದಿದ್ದರೂ ಬೆಳಗ್ಗೆ ಗಾಜು ಬೆಳ್ಳಗಿರುವುದು ಇದೇ ಕಾರಣಕ್ಕೆ. ಮೋಡ ಕವಿದ ರಾತ್ರಿಯಲ್ಲಿ ಹಿಮ ಕಡಿಮೆ. ಮೋಡ ಅಷ್ಟೋ ಇಷ್ಟೋ ಶಾಖವನ್ನು ಹಿಂದಿರುಗಿಸುತ್ತದೆ. ಆಕಾಶಕ್ಕೆ ಮುಖಮಾಡಿ ಓರೆಯಾಗಿ ಮಲಗಿದ ಮುಂಗಾಜಿನ ಮೇಲೆ ದಪ್ಪಗೆ ಕಟ್ಟಿದ ಹಿಮ, ನೆಟ್ಟಗೆ ನಿಂತು ಎದುರು ಕಟ್ಟಡವನ್ನು ನೋಡುವ ಪಕ್ಕದ ಕಿಟಕಿಗಳ ಮೇಲೆ ತೆಳ್ಳಗಿರುತ್ತದೆ. ಹಾಗಾದರೆ ಮಾಡಬೇಕಾದದ್ದು ಸ್ಪಷ್ಟ: ಗಾಜಿಗೂ ಆಕಾಶಕ್ಕೂ ನಡುವೆ ಏನಾದರೊಂದು ಅಡ್ಡ ಇರಬೇಕು. ಚಾವಣಿ, ಮರದ ಕೊಂಬೆ, ಎತ್ತರದ ಗೋಡೆಯ ಪಕ್ಕ, ಇಲ್ಲವೇ ಹತ್ತು ಹದಿನೈದು ಯೂರೊಗೆ ಸಿಗುವ ಒಂದು ಗಾಜಿನ ಹೊದಿಕೆ. ಮುಂಗಾಜು ಪೂರ್ವಕ್ಕೆ ಮುಖಮಾಡುವಂತೆ ಕಾರು ನಿಲ್ಲಿಸಿ ಎಂಬ ಸಲಹೆಯನ್ನೂ ಕೆಲವರು ಕೊಡುತ್ತಾರೆ. ಆರೂವರೆಗೆ ಹೊರಡುವವರಿಗೆ ಅದರಿಂದ ಪ್ರಯೋಜನವಿಲ್ಲ. ಒಂಬತ್ತಕ್ಕೆ ಹೊರಡುವವರಿಗೆ ಉಂಟು.

ಈಗ ಎಂಜಿನ್ ಓಡಿಸಿ ಕರಗಿಸುವ ಲೆಕ್ಕಕ್ಕೆ ಬರೋಣ. ಮುಂಗಾಜಿನ ಮೇಲೆ ಅರ್ಧ ಮಿಲಿಮೀಟರಿಗೂ ಕಡಿಮೆ ದಪ್ಪದ ಹಿಮ ಕಟ್ಟಿದೆ ಎನ್ನೋಣ. ಅದರ ತೂಕ ಹೆಚ್ಚೆಂದರೆ ಕಿಲೋದ ಮೂರನೇ ಒಂದು ಭಾಗ. ಒಂದು ಕಿಲೋ ಮಂಜುಗಡ್ಡೆ ನೀರಾಗಲು 334 ಕಿಲೋಜೂಲ್ ಶಾಖ ಬೇಕು. ಆ ಪ್ರಕಾರ ನಮ್ಮ ಹಿಮಕ್ಕೆ ಬೇಕಾದದ್ದು ಸುಮಾರು 110. ಗಾಜನ್ನೂ ಸೊನ್ನೆಗೆ ಏರಿಸುವ ಶಾಖ ಸೇರಿಸಿದರೂ 200ರ ಒಳಗೆ. ನಿಂತಲ್ಲೇ ಓಡುವ ಪೆಟ್ರೋಲ್ ಕಾರು ಗಂಟೆಗೆ 0.8 ಲೀಟರ್ ಕುಡಿಯುತ್ತದೆ ಎಂದುಕೊಂಡರೆ ಕಾಲು ಗಂಟೆಗೆ 0.2 ಲೀಟರ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32,000 ಕಿಲೋಜೂಲ್ ಇರುವುದರಿಂದ, ಹದಿನೈದು ನಿಮಿಷದಲ್ಲಿ ಸುಟ್ಟದ್ದು 6,400. ಬೇಕಿದ್ದಕ್ಕಿಂತ ಮೂವತ್ತು ಪಟ್ಟು ಹೆಚ್ಚು! ಅಷ್ಟು ಶಾಖ ಎಲ್ಲಿ ಹೋಯಿತು? ಮೊದಲು ಎಂಜಿನ್ನಿನ ಲೋಹ ಕಾಯಬೇಕು, ಆಮೇಲೆ ಅದರೊಳಗಿನ ಕೂಲೆಂಟ್ ಕಾಯಬೇಕು, ಆ ಕೂಲೆಂಟ್ ಹೀಟರಿಗೆ ಹರಿದು ಗಾಳಿಯನ್ನು ಬಿಸಿ ಮಾಡಬೇಕು, ಆ ಗಾಳಿ ಒಳಗಿನಿಂದ ಗಾಜನ್ನು ತಾಗಿ, ಗಾಜನ್ನು ದಾಟಿ ಹೊರಗಿನ ಹಿಮವನ್ನು ಮುಟ್ಟಬೇಕು. ಉಳಿದದ್ದೆಲ್ಲ ಸೈಲೆನ್ಸರಿನಿಂದ ಬೀದಿಗೆ. ಡೀಸೆಲ್ ಎಂಜಿನ್ ನಿಂತಲ್ಲಿ ಇನ್ನೂ ಕಡಿಮೆ ಶಾಖ ಹುಟ್ಟಿಸುತ್ತದೆ, ಆದ್ದರಿಂದ ಅದರ ಹೀಟರು ಇನ್ನೂ ನಿಧಾನ. ಸ್ಕ್ರೇಪರಿನಿಂದ ಕೆರೆದರೆ ಹಿಮವನ್ನು ಕರಗಿಸುವ ಪ್ರಮೇಯವೇ ಇಲ್ಲ. ಹಿಡಿತ ಬಿಡಿಸಿದರೆ ಸಾಕು. ಕೈಯ ಎರಡು ಮೂರು ನಿಮಿಷದ ಕೆಲಸ ಎಂಜಿನ್ನಿನ ಹದಿನೈದು ನಿಮಿಷಕ್ಕಿಂತ ಬೇಗ ಮುಗಿಯುವುದು ಹಾಗಾಗಿಯೇ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದೂ ನಮ್ಮವರಿಂದಲೇ ಹೆಚ್ಚು: ತಣ್ಣನೆಯ ಎಂಜಿನ್ನನ್ನು ಹಾಗೇ ಓಡಿಸಿದರೆ ಹಾಳಾಗುವುದಿಲ್ಲವೇ, ಸ್ವಲ್ಪ ಕಾಯಿಸಬೇಡವೇ? ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಮೊದಲ ಕಾಲದ ಮಾರುತಿ 800 ಇವೆಲ್ಲ ಕಾರ್ಬುರೇಟರ್ ಗಾಡಿಗಳು. ಬೆಳಗ್ಗೆ ಚೋಕ್ ಎಳೆದು, ಸ್ವಲ್ಪ ಹೊತ್ತು ಓಡಲು ಬಿಡದಿದ್ದರೆ ಗೇಟು ದಾಟುವ ಮೊದಲೇ ನಿಂತುಬಿಡುತ್ತಿದ್ದವು. ಅಪ್ಪ, ಚಿಕ್ಕಪ್ಪಂದಿರಿಂದ ಕಲಿತ ಆ ಅಭ್ಯಾಸ ಆ ಗಾಡಿಗಳಿಗೆ ಸರಿಯೇ ಆಗಿತ್ತು. 2000ದ ಆಸುಪಾಸಿನಲ್ಲಿ ಭಾರತದಲ್ಲಿ ಹೊಗೆಯ ನಿಯಮಗಳು ಬಿಗಿಯಾಗಿ ಕಾರ್ಬುರೇಟರಿನ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂತು. ಯುರೋಪಿನಲ್ಲಿ ಅದಕ್ಕೂ ಮೊದಲೇ ಬಂದಿತ್ತು. ಚಳಿಯನ್ನು ಸೆನ್ಸರುಗಳು ಅಳೆದು ಪೆಟ್ರೋಲಿನ ಪ್ರಮಾಣವನ್ನು ತಾವೇ ಹೊಂದಿಸುತ್ತವೆ. ಅಮೆರಿಕದ ಇಂಧನ ಇಲಾಖೆ ಮತ್ತು ಕೆನಡಾದ ನೈಸರ್ಗಿಕ ಸಂಪನ್ಮೂಲ ಇಲಾಖೆ ಇಂದಿನ ಕಾರುಗಳಿಗೆ ಕೊಡುವ ಸಲಹೆ ಒಂದೇ: ಅರ್ಧ ನಿಮಿಷ ಸಾಕು, ಆಮೇಲೆ ಮೆಲ್ಲಗೆ ಹೊರಡಿ. ಚಲಿಸುವ ಕಾರಿನ ಎಂಜಿನ್ ನಿಂತ ಕಾರಿನ ಎಂಜಿನ್ನಿಗಿಂತ ಬೇಗ ಕಾಯುತ್ತದೆ, ಜೊತೆಗೆ ಗೇರ್‌ಬಾಕ್ಸ್, ಚಕ್ರದ ಬೇರಿಂಗುಗಳೂ ಹದಕ್ಕೆ ಬರುತ್ತವೆ. ನಿಂತಲ್ಲಿ ಎಷ್ಟು ಹೊತ್ತು ಓಡಿಸಿದರೂ ಅವು ತಣ್ಣಗೇ ಇರುತ್ತವೆ. ಇಷ್ಟೇ ಅಲ್ಲ. ಚಳಿಯಲ್ಲಿ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಸುರಿಯಬೇಕಾಗುತ್ತದೆ, ಅದರಲ್ಲಿ ಸುಡದೆ ಉಳಿದದ್ದು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ. ಎಂಜಿನ್ನಿನ ಮೇಲಿನ ಪ್ರೀತಿಯಿಂದ ಅದನ್ನು ನಿಲ್ಲಿಸಿ ಓಡಿಸುವವರು ಅದರ ಸವೆತದ ಹೊತ್ತನ್ನೇ ಉದ್ದ ಮಾಡುತ್ತಿದ್ದಾರೆ. ಹೊರಟ ಮೊದಲ ಕೆಲವು ಕಿಲೋಮೀಟರ್ ಆಕ್ಸಿಲರೇಟರನ್ನು ಬಲವಾಗಿ ಒತ್ತದಿದ್ದರೆ ಸಾಕು.

ಆ ಹದಿನೈದು ನಿಮಿಷದ ಹೊಗೆ ಉಳಿದ ಹೊತ್ತಿನ ಹೊಗೆಯಂಥದ್ದಲ್ಲ. ಹೊಗೆಯ ವಿಷವನ್ನು ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಶುರುಮಾಡುವುದು ಸುಮಾರು 250ರಿಂದ 300 ಡಿಗ್ರಿ ಕಾದ ಮೇಲೆ. ಅಲ್ಲಿಯವರೆಗೆ ಕಾರ್ಬನ್ ಮಾನಾಕ್ಸೈಡ್, ಸುಡದ ಹೈಡ್ರೋಕಾರ್ಬನ್‌ಗಳ ಬಹುಪಾಲು ಹಾಗೇ ಹೊರಬರುತ್ತದೆ. ನಿಂತ ಕಾರಿನಲ್ಲಿ ಕನ್ವರ್ಟರ್ ಕಾಯುವುದೂ ತಡ. ಹೀಗೆ ಅತಿ ಕೆಟ್ಟ ಹೊಗೆ, ಅತಿ ಹೆಚ್ಚು ಹೊತ್ತು, ಒಂದೇ ಜಾಗದಲ್ಲಿ, ಅದೂ ಒಂದು ಕಿಟಕಿಯ ಕೆಳಗೆ. ಹಿಮ ಕಟ್ಟುವ ಬೆಳಗಿನ ಗಾಳಿಯೂ ಇದಕ್ಕೆ ಸಹಾಯಕ. ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಪದರ. ಮುಚ್ಚಳ ಹಾಕಿದ ಪಾತ್ರೆಯಂತೆ ಹೊಗೆ ಮೇಲೇರದೆ ಬೀದಿಯಲ್ಲೇ ಸುಳಿಯುತ್ತದೆ. ಸ್ಟಟ್‌ಗಾರ್ಟ್ ಬೆಟ್ಟಗಳ ನಡುವಿನ ಬೋಗುಣಿಯಲ್ಲಿರುವ ಊರು. 2016ರಿಂದ 2020ರವರೆಗೆ ಚಳಿಗಾಲದಲ್ಲಿ ಗಾಳಿ ನಿಂತ ದಿನಗಳಂದು ಅಲ್ಲಿನ ಆಡಳಿತ ಸೂಕ್ಷ್ಮ ಧೂಳಿನ ಎಚ್ಚರಿಕೆ ಹೊರಡಿಸಿ, ಕಾರು ಬಿಟ್ಟು ರೈಲು ಹಿಡಿಯಿರಿ ಎಂದು ಜನರನ್ನು ಕೇಳುತ್ತಿತ್ತು. 2019ರಲ್ಲಿ ಹಳೆಯ ಡೀಸೆಲ್ ಕಾರುಗಳಿಗೆ ಊರೊಳಗೆ ನಿಷೇಧವೇ ಬಂತು. ಇನ್ನೊಂದು ಸಂಗತಿ ಹೊಸದಾಗಿ ಬಂದವರಿಗೆ ತಿಳಿದಿರುವುದಿಲ್ಲ. ಜರ್ಮನರು ಎಂಥ ಚಳಿಯಲ್ಲೂ ಬೆಳಗ್ಗೆ ಎದ್ದೊಡನೆ ಐದು ಹತ್ತು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆದಿಡುತ್ತಾರೆ, ಕೋಣೆಯ ತೇವ ಹೊರಹೋಗಿ ಗೋಡೆಗೆ ಬೂಷ್ಟು ಹಿಡಿಯದಿರಲೆಂದು. ಅನೇಕರ ಬಾಡಿಗೆ ಕರಾರಿನಲ್ಲೂ ಈ ಮಾತು ಇರುತ್ತದೆ. ಕಾರು ಕಾಯಿಸುವ ಹೊತ್ತೂ ಅದೇ. ಕೆಳಗೆ ಎಂಜಿನ್ ಓಡುತ್ತಿದ್ದರೆ ಆ ಮನೆಯವರಿಗೆ ಉಳಿಯುವುದು ಎರಡೇ ದಾರಿ, ಬೂಷ್ಟು ಅಥವಾ ಹೊಗೆ.

ಸದ್ದಿನ ವಿಷಯ. ರಾತ್ರಿಯ ಹೊತ್ತು ಮನೆಯ ಹೊರಗಿನ ಸದ್ದು ಸರಾಸರಿ 40 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2009ರಲ್ಲೇ ಹೇಳಿದೆ. ಕಿಟಕಿಯ ಕೆಳಗೆ ತಣ್ಣಗೆ ಗುರುಗುಟ್ಟುವ ಎಂಜಿನ್ ಅದನ್ನು ಸುಲಭವಾಗಿ ದಾಟುತ್ತದೆ. ಹಾಗಾದರೆ ಸ್ಕ್ರೇಪರಿನ ಕರಕರ ಸದ್ದಲ್ಲವೇ ಎಂದು ಕೇಳಬಹುದು. ಹೌದು, ಅದೂ ಸದ್ದೇ, ಕಿವಿಗೆ ಹಿತವಾದದ್ದೂ ಅಲ್ಲ. ಆದರೆ ಅದು ಎರಡು ನಿಮಿಷದಲ್ಲಿ ಮುಗಿಯುತ್ತದೆ, ಹೊಗೆಯಿಲ್ಲ, ಬೇರೆ ದಾರಿಯಿಲ್ಲದಾಗ ಮಾಡುವಂಥದ್ದು. ಹೊದಿಕೆ ಹಾಕಿದ ಗಾಜಿಗೆ ಅದರ ಅಗತ್ಯವೂ ಬೀಳುವುದಿಲ್ಲ. ಸದ್ದಿನ ಲೆಕ್ಕದಲ್ಲೂ ಸಂಜೆಯ ಕೆಲಸವೇ ಮೇಲು ಎಂಬುದಕ್ಕೆ ಇನ್ನೇನು ಬೇಕು?

ಕಾನೂನು ಇದನ್ನೇ ಹೇಳುತ್ತದೆ. ಜರ್ಮನಿಯ ರಸ್ತೆ ಸಂಚಾರ ನಿಯಮಾವಳಿಯ 30ನೇ ಕಲಮು ಅನಗತ್ಯವಾಗಿ ಎಂಜಿನ್ ಓಡಿಸುವುದನ್ನು ಹೆಸರಿಸಿಯೇ ನಿಷೇಧಿಸಿದೆ. ಕಾರಿನ ಬಾಗಿಲನ್ನು ಅತಿ ಜೋರಾಗಿ ಬಡಿಯುವುದೂ ಅದೇ ಕಲಮಿನಲ್ಲಿದೆ. 2021ರ ನವೆಂಬರಿನಿಂದ ಇದಕ್ಕೆ ದಂಡ 80 ಯೂರೊ. ಹಿಮ ತೆಗೆಯಲು ಎಂಜಿನ್ ಓಡಿಸಿದೆ ಎಂಬ ಸಮಜಾಯಿಷಿ ನಡೆಯುವುದಿಲ್ಲ, ಕೆರೆದು ತೆಗೆಯಬಹುದಾದ್ದರಿಂದ ಅದು ಅನಗತ್ಯವೇ. ಅವಸರದಲ್ಲಿ ಚಾಲಕನ ಕಣ್ಣಿನ ಮುಂದಷ್ಟೇ ಒಂದು ಕಿಂಡಿ ಕೆರೆದುಕೊಂಡು ಹೊರಟರೂ ತಪ್ಪು. ಅದಕ್ಕೆ ದಂಡ 10 ಯೂರೊ ಇರಬಹುದು, ಅಪಘಾತವಾದರೆ ವಿಮೆಯವರು ಕೇಳುವ ಪ್ರಶ್ನೆ ಅದಕ್ಕಿಂತ ದುಬಾರಿ. ಬ್ರಿಟನ್ನಿನ ಹೈವೇ ಕೋಡ್‌ನ 123ನೇ ನಿಯಮ ಸಾರ್ವಜನಿಕ ರಸ್ತೆಯಲ್ಲಿ ನಿಂತ ಕಾರಿನ ಎಂಜಿನ್ನನ್ನು ಸುಮ್ಮನೆ ಓಡಿಸಬೇಡಿ, ಓಡುತ್ತಿರುವ ಕಾರನ್ನು ಬಿಟ್ಟುಹೋಗಬೇಡಿ ಎನ್ನುತ್ತದೆ. 229ನೇ ನಿಯಮ ಹೊರಡುವ ಮೊದಲು ಎಲ್ಲ ಗಾಜುಗಳ ಹಿಮವನ್ನೂ, ಇತರರ ದಾರಿಗೆ ಬೀಳಬಹುದಾದ ಚಾವಣಿಯ ಹಿಮವನ್ನೂ ತೆಗೆಯಿರಿ ಎನ್ನುತ್ತದೆ. ಆರು ಗಂಟೆಗೆ ಯಾವ ಪೊಲೀಸ್ ಬರುತ್ತಾನೆ, ಯಾರಿಗೂ ದಂಡ ಬಿದ್ದದ್ದು ಕಂಡಿಲ್ಲ ಎನ್ನುವವರಿದ್ದಾರೆ. ಕಾವಲಿಲ್ಲದಿರುವುದು ನಿಜವಿರಬಹುದು, ಆದರೆ ಕಳ್ಳರಿಗೂ ಅದು ಗೊತ್ತು. ಕೀಲಿ ಒಳಗಿಟ್ಟು ಓಡುತ್ತಿರುವ, ಒಡೆಯ ಮೇಲೆ ಕಾಫಿ ಕುಡಿಯುತ್ತಿರುವ ಕಾರನ್ನು ಹೊಡೆದುಕೊಂಡು ಹೋಗುವ ಕಳವು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಪ್ರತಿ ಚಳಿಗಾಲ ನಡೆಯುತ್ತದೆ, ಮತ್ತು ಕೀಲಿ ಬಿಟ್ಟುಹೋದ ಕಾರಿಗೆ ವಿಮಾ ಕಂಪನಿಗಳು ಹಣ ಕೊಡಲು ಒಪ್ಪದಿರುವುದುಂಟು.

ಸಂಜೆ ಮಾಡಬೇಕಾದ ಕೆಲಸ ಐದು ನಿಮಿಷದ್ದು. ಗಾಜು ಒಣಗಿದೆಯೇ ನೋಡಿ, ಒದ್ದೆಯಿದ್ದರೆ ಒರೆಸಿ ಹೊದಿಕೆ ಹಾಸಬೇಕು; ಒದ್ದೆ ಗಾಜಿನ ಮೇಲೆ ಹಾಕಿದ ಬಟ್ಟೆ ಬೆಳಗ್ಗೆ ಗಾಜಿಗೇ ಅಂಟಿಕೊಂಡಿರುತ್ತದೆ. ಹೊದಿಕೆಯ ಎರಡು ಕಿವಿಗಳನ್ನು ಮುಂದಿನ ಬಾಗಿಲುಗಳೊಳಗೆ ಸಿಕ್ಕಿಸಿದರೆ ಗಾಳಿಗೆ ಹಾರುವುದಿಲ್ಲ. ಕನ್ನಡಿಗಳಿಗೆ ಒಂದೊಂದು ಪ್ಲಾಸ್ಟಿಕ್ ಚೀಲ ಕಟ್ಟಿದರೂ ನಡೆಯುತ್ತದೆ. ವೈಪರ್‌ಗಳು ಗಾಜಿಗೆ ಅಂಟದಂತೆ ಎತ್ತಿ ನಿಲ್ಲಿಸಿ ಅಥವಾ ಹೊದಿಕೆಯ ಅಡಿಗೆ ಸೇರಿಸಿ, ಮತ್ತು ಸ್ವಿಚ್ ಆಫ್ ಆಗಿದೆಯೇ ಎಂದು ನೋಡಿಕೊಳ್ಳಿ; ಅಂಟಿದ ವೈಪರ್ ಬೆಳಗ್ಗೆ ತಾನಾಗಿ ಓಡಲು ಹೋದರೆ ಮೋಟರ್ ಸುಟ್ಟೀತು. ಬಾಗಿಲಿನ ರಬ್ಬರಿಗೆ ಚಳಿಗಾಲದ ಮೊದಲಲ್ಲಿ ಸಿಲಿಕೋನ್ ಅಥವಾ ಗ್ಲಿಸರಿನ್ ಸವರಿದರೆ ಬಾಗಿಲು ಹಿಡಿದುಕೊಳ್ಳುವುದಿಲ್ಲ. ಬಹಳ ಜನ ಮರೆಯುವುದು ಕಾರಿನ ಒಳಗಿನ ತೇವವನ್ನು. ಬೂಟಿಗಂಟಿ ಬಂದ ಹಿಮ ಮ್ಯಾಟಿನ ಮೇಲೆ ಕರಗಿ, ರಾತ್ರಿ ಆವಿಯಾಗಿ, ಗಾಜಿನ ಒಳಮೈಗೆ ಕಟ್ಟುತ್ತದೆ, ಮತ್ತು ಒಳಗಿನ ಹಿಮವನ್ನು ಕೆರೆಯುವುದು ಹೊರಗಿನದಕ್ಕಿಂತ ಕಷ್ಟ. ಮ್ಯಾಟುಗಳನ್ನು ಕೊಡವಿ, ಒದ್ದೆ ಕೊಡೆ, ಜಾಕೆಟ್‌ಗಳನ್ನು ಮನೆಗೆ ಒಯ್ಯಿರಿ. ಸ್ಕ್ರೇಪರ್ ಮತ್ತು ಹಿಮ ಕರಗಿಸುವ ಸ್ಪ್ರೇ ಕಾರಿನಲ್ಲಲ್ಲ, ಮನೆಯಲ್ಲಿರಲಿ. ಬಾಗಿಲೇ ತೆರೆಯದ ದಿನ ಕಾರಿನೊಳಗಿನ ಸ್ಕ್ರೇಪರ್ ಯಾವ ಕೆಲಸಕ್ಕೂ ಬರುವುದಿಲ್ಲ.

ಬೆಳಗ್ಗೆ ಹೊದಿಕೆಯನ್ನು ತೆಗೆದು ಕೊಡವಿ. ಕೊಡವುವಾಗ ಪಕ್ಕದ ಕಾರಿನ ಮೇಲೋ ಕಾಲುದಾರಿಯ ಮೇಲೋ ಹಿಮ ಬೀಳದಿರಲಿ. ಪಕ್ಕದ ಕಿಟಕಿಗಳ, ಹಿಂಗಾಜಿನ ಹಿಮಕ್ಕೆ ಎರಡು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಪಾಲು ನೀರು ಬೆರೆಸಿದ ಸ್ಪ್ರೇ ಸಾಕು. ಶುದ್ಧ ಐಸೊಪ್ರೊಪೈಲ್ ಹೆಪ್ಪುಗಟ್ಟುವುದು ಮೈನಸ್ 89 ಡಿಗ್ರಿಯಲ್ಲಿ, ಹಾಗಾಗಿ ಈ ಮಿಶ್ರಣ ಸ್ಟಟ್‌ಗಾರ್ಟ್‌ನ ಚಳಿಗೆ ಗಟ್ಟಿಯಾಗುವುದಿಲ್ಲ. ಬೆಂಕಿಯ ಹತ್ತಿರ ಇಡಬೇಡಿ. ಸಿಂಪಡಿಸಿ ಒಂದೆರಡು ನಿಮಿಷ ಬಿಟ್ಟು ಕೆರೆದರೆ ಹಿಮ ಸದ್ದಿಲ್ಲದೆ ಸರಿಯುತ್ತದೆ. ಬಿಸಿನೀರು ಮಾತ್ರ ಬೇಡ. ತಣ್ಣನೆ ಗಾಜು ಬಿರಿಯಬಹುದು ಎಂಬುದು ನಿಮ್ಮ ನಷ್ಟ. ಹರಿದ ನೀರು ಕಾಲುದಾರಿಯಲ್ಲಿ ಕಣ್ಣಿಗೆ ಕಾಣದ ಮಂಜುಗಡ್ಡೆಯಾಗುವುದು ಬೇರೆಯವರ ನಷ್ಟ. ಸ್ಟಟ್‌ಗಾರ್ಟ್ ಇರುವ ಸ್ವೇಬಿಯ ಸೀಮೆಯಲ್ಲಿ ಮೆಟ್ಟಿಲು, ಕಾಲುದಾರಿಗಳನ್ನು ವಾರಕ್ಕೊಂದು ಮನೆಯವರು ಸರದಿಯ ಮೇಲೆ ಗುಡಿಸುವ ಪದ್ಧತಿ ಇದೆ, ಕೆಹರ್‌ವೋಖೆ ಎಂದು ಅದರ ಹೆಸರು. ಮನೆ ಮುಂದಿನ ಕಾಲುದಾರಿಯ ಹಿಮ ತೆಗೆದು ಜಾರದಂತೆ ಹರಳು ಚೆಲ್ಲುವ ಹೊಣೆಯೂ ಅಲ್ಲಿನ ನಿವಾಸಿಗಳದೇ. ಕೆಟಲಿನಿಂದ ಸುರಿದ ನೀರು ಆ ವಾರ ಸರದಿಯಿರುವ ಅಜ್ಜಿಯ ಕೆಲಸವನ್ನು ಹೆಚ್ಚಿಸುತ್ತದೆ, ಅಥವಾ ಅವರನ್ನೇ ಬೀಳಿಸುತ್ತದೆ. ಇನ್ನು ಬೆಳಗಿನ ಉಳಿದ ಸದ್ದುಗಳು: ಲಾಕ್ ತೆಗೆಯುವಾಗ ಕಾರು ಹಾಕುವ ಕೂಗನ್ನು ಅದರ ಸೆಟ್ಟಿಂಗಿನಲ್ಲಿ ನಿಲ್ಲಿಸಬಹುದು. ಕನ್ನಡಿಗರಿಗೆ ಸೇರಿಸಿ ಹೇಳಬೇಕಾದದ್ದೊಂದಿದೆ: ಚಳಿಗಾಲದಲ್ಲಿ ಅಲ್ಲಿ ಬೆಳಗಿನ ಆರೂವರೆ ಎಂದರೆ ಕರ್ನಾಟಕದಲ್ಲಿ ಹನ್ನೊಂದು ಗಂಟೆ. ಅಮ್ಮನಿಗೆ ಫೋನ್ ಮಾಡಲು ಅನುಕೂಲದ ಹೊತ್ತು, ಕಾರಿನ ಸ್ಪೀಕರಿಗೆ ಹಾಕಿಕೊಂಡು ಗಾಜು ಕೆರೆಯುವವರೂ ಇದ್ದಾರೆ. ಆ ಮಾತು ಮೂರನೇ ಮಹಡಿಗೂ ಕೇಳಿಸುತ್ತದೆ. ಬೀದಿ ದಾಟಿದ ಮೇಲೆ ಫೋನ್ ಮಾಡಬಹುದು.

ಮಕ್ಕಳಿದ್ದರೆ, ವಯಸ್ಸಾದವರಿದ್ದರೆ ಕಾರನ್ನು ಬೆಚ್ಚಗೆ ಮಾಡಲೇಬೇಕಲ್ಲ ಎಂಬುದು ನಿಜವಾದ ಆಕ್ಷೇಪ, ತಳ್ಳಿಹಾಕುವಂಥದ್ದಲ್ಲ. ಸೀಟ್ ಹೀಟರ್ ಇರುವ ಕಾರಿನಲ್ಲಿ ಅದು ಒಂದೆರಡು ನಿಮಿಷದಲ್ಲೇ ಮೈಗೆ ಶಾಖ ಕೊಡುತ್ತದೆ. ಮಗುವಿಗೆ ಒಂದು ಕಂಬಳಿಯನ್ನು ಮನೆಯಿಂದಲೇ ಬೆಚ್ಚಗೆ ಒಯ್ದು, ಬೆಲ್ಟ್ ಬಿಗಿದ ಮೇಲೆ ಹೊದಿಸಬೇಕು. ದಪ್ಪ ಜಾಕೆಟ್ಟಿನ ಮೇಲೆ ಬೆಲ್ಟ್ ಹಾಕಿದರೆ ಅದು ಮೈಗೆ ಬಿಗಿಯಾಗಿ ಕೂರುವುದಿಲ್ಲ, ಅಪಘಾತದಲ್ಲಿ ಮಗು ಜಾರಬಹುದು. ಮನೆಗೆ ಅಂಟಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿ ಬೆಚ್ಚಗೆ ಮಾಡುವುದಂತೂ, ಶಟರ್ ತೆರೆದಿದ್ದರೂ, ಪ್ರಾಣಕ್ಕೆ ಅಪಾಯ: ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಾಗಿಲ ಸಂದಿಯಿಂದ ಮಲಗುವ ಕೋಣೆ ಸೇರುತ್ತದೆ. ಹಿಮದಲ್ಲಿ ಹುದುಗಿದ ಕಾರಿನ ಸೈಲೆನ್ಸರಿನ ಬಾಯಿ ಬಿಡಿಸದೆ ಒಳಗೆ ಕೂತು ಎಂಜಿನ್ ಓಡಿಸುವುದೂ ಅಷ್ಟೇ ಅಪಾಯ. ಕೆನಡಾದ ವಿನಿಪೆಗ್‌ನಂಥ ಊರುಗಳ ಮಾತು ಬೇರೆ. ಮೈನಸ್ 25, ಮೈನಸ್ 30ರಲ್ಲಿ ಎಂಜಿನ್ ಆಯಿಲೇ ಗಟ್ಟಿಯಾಗುತ್ತದೆ, ಅಲ್ಲಿ ಕಾಯಿಸದೆ ಹೊರಡಲಾಗದು. ಆದರೆ ಅಲ್ಲಿಯವರು ಅದಕ್ಕೆ ಕಂಡುಕೊಂಡ ಉತ್ತರವೂ ರಾತ್ರಿಯದೇ: ಎಂಜಿನ್ನಿಗೆ ಕೂರಿಸಿದ ಬ್ಲಾಕ್ ಹೀಟರಿನ ವೈರನ್ನು ಮಲಗುವ ಮೊದಲು ಪ್ಲಗ್ಗಿಗೆ ಹಾಕಿ, ಹೊರಡುವುದಕ್ಕೆ ಎರಡು ಗಂಟೆ ಮುಂಚೆ ಆನ್ ಆಗುವಂತೆ ಟೈಮರ್ ಇಡುತ್ತಾರೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ಗಳಲ್ಲೂ ಇದಕ್ಕೆ ಪ್ಲಗ್ ಪಾಯಿಂಟುಗಳಿರುತ್ತವೆ.

ಎಲೆಕ್ಟ್ರಿಕ್ ಕಾರಿನವರಿಗೆ ಇದು ಸುಲಭ: ಚಾರ್ಜಿಗೆ ಹಾಕಿದಾಗಲೇ ಹೊರಡುವ ಹೊತ್ತನ್ನು ಆ್ಯಪ್‌ನಲ್ಲಿ ತಿಳಿಸಿದರೆ, ಗಾಜು, ಸೀಟು, ಬ್ಯಾಟರಿ ಎಲ್ಲವೂ ಗೋಡೆಯ ಕರೆಂಟಿನಲ್ಲೇ ಕಾದಿರುತ್ತವೆ. ಹೊಗೆಯಿಲ್ಲ, ಆದರೆ ಹೀಟ್ ಪಂಪಿನ ಫ್ಯಾನ್ ಸದ್ದು ಮಾಡುತ್ತದೆ, ಆದ್ದರಿಂದ ಫ್ಯಾನ್ ಇರುವ ಮೂತಿಯನ್ನು ಕಿಟಕಿಯ ಕಡೆಗಿಡದೆ ನಿಲ್ಲಿಸಿ, ಅಗತ್ಯಕ್ಕಿಂತ ಮೊದಲು ಶುರುವಾಗದಂತೆ ನೋಡಿಕೊಂಡರೆ ಸಾಕು. ಎಂಜಿನ್ ಓಡಿಸದೆಯೇ ಕಾರನ್ನು ಬಿಸಿ ಮಾಡುವ, ಇಂಧನದಿಂದಲೇ ನಡೆಯುವ ಪಾರ್ಕಿಂಗ್ ಹೀಟರುಗಳೂ ಇವೆ. ಅಂಥವನ್ನು ತಯಾರಿಸುವ ಎಬರ್‌ಸ್ಪೇಖರ್ ಕಂಪನಿ ಸ್ಟಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್‌ನದು. ಅವು ಎಂಜಿನ್ನಿಗಿಂತ ಕಡಿಮೆ ಇಂಧನ ಸುಡುತ್ತವೆ, ಆದರೂ ಅವುಗಳಿಗೂ ಹೊಗೆಯಿದೆ, ಮುಚ್ಚಿದ ಜಾಗದಲ್ಲಿ ಬಳಸಬಾರದು.

ನಿಮ್ಮ ಕಿಟಕಿಯ ಕೆಳಗೆ ಬೇರೆಯವರ ಎಂಜಿನ್ ಓಡುತ್ತಿದ್ದರೆ? ಆ ಹೊತ್ತಿನಲ್ಲೇ ಕಿಟಕಿ ತೆರೆದು ಕೂಗಬೇಡಿ. ಅವಸರದಲ್ಲಿರುವವರು ಯಾರೂ ಒಳ್ಳೆಯ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಗಾಜಿಗೆ ಚೀಟಿ ಅಂಟಿಸುವುದೂ ಬೇಡ, ಹೆಸರಿಲ್ಲದ ಚೀಟಿ ಇಡೀ ಕಟ್ಟಡದ ಮೇಲೆ ಸಂಶಯ ಹುಟ್ಟಿಸುತ್ತದೆ. ಸಂಜೆ ಮೆಟ್ಟಿಲಲ್ಲಿ ಸಿಕ್ಕಾಗ ಹೇಳಿ, ಹೊಗೆ ನಮ್ಮ ಕೋಣೆಗೆ ಬರುತ್ತಿದೆ ಎಂದಷ್ಟೇ. ನೀವು ಅವರ ಭಾಷೆ ಇನ್ನೂ ಕಲಿಯುತ್ತಿದ್ದರೂ ಈ ಒಂದು ವಾಕ್ಯ ಸಾಕು. ಅವರು ಆಸ್ಪತ್ರೆಯಲ್ಲಿ ಬೆಳಗಿನ ಪಾಳಿಯವರಾಗಿದ್ದು ನಾಲ್ಕೂವರೆಗೇ ಹೊರಡುವವರಾದರೆ, ಗೋಡೆಯ ಪಕ್ಕದ ಅಥವಾ ಚಾವಣಿಯಡಿಯ ನಿಮ್ಮ ಜಾಗವನ್ನು ಚಳಿಗಾಲದ ಮೂರು ತಿಂಗಳು ಅವರಿಗೆ ಬಿಟ್ಟುಕೊಡಬಹುದೇ ಎಂದು ಯೋಚಿಸಿ. ಹೊದಿಕೆ ಕೊಳ್ಳುವಾಗ ಎರಡು ಕೊಂಡರೆ ಇನ್ನೊಂದನ್ನು ಅವರಿಗೆ ಕೊಡಬಹುದು. ಬೆಲೆ ಹತ್ತು ಹದಿನೈದು ಯೂರೊ, ಡಿಸೆಂಬರಿನಲ್ಲಿ ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತದೆ.